ಕರಟದ ಇದ್ದಿಲು, ಬ್ರೇಕಿನ ಬಿಸಿ

ಮೊದಲು ಒಂದು ಸಣ್ಣ ಲೆಕ್ಕ. ಒಂದೂವರೆ ಟನ್ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗ್ತಾ ಇದೆ. ಮುಂದೆ ಸಿಗ್ನಲ್ ಕೆಂಪಾಯ್ತು, ಬ್ರೇಕ್ ಒತ್ತಿದಿರಿ, ಐದು ಸೆಕೆಂಡಿನಲ್ಲಿ ನಿಂತಿತು. ಹೈಸ್ಕೂಲಿನಲ್ಲಿ ಓದಿದ ಚಲನಶಕ್ತಿಯ ಸೂತ್ರ ಹಾಕಿ ನೋಡಿ: ಆ ಐದು ಸೆಕೆಂಡಿನಲ್ಲಿ ಬ್ರೇಕ್ ಡಿಸ್ಕನ್ನು ಕಾಯಿಸಿ ಗಾಳಿಗೆ ಬಿಟ್ಟ ಶಕ್ತಿ ಸುಮಾರು 58 ವಾಟ್-ಅವರ್. ನಿಮ್ಮ ಫೋನನ್ನು ಹೆಚ್ಚುಕಡಿಮೆ ನಾಲ್ಕು ಸಲ ಸೊನ್ನೆಯಿಂದ ನೂರಕ್ಕೆ ಚಾರ್ಜ್ ಮಾಡೋವಷ್ಟು. ಒಂದೇ ಒಂದು ಸಿಗ್ನಲ್ಲಿಗೆ. ಮನೆಯಿಂದ ಆಫೀಸಿಗೆ ಎಷ್ಟು ಸಿಗ್ನಲ್ ಅಂತ ನೀವೇ ಎಣಿಸಿಕೊಳ್ಳಿ.

58 ವಾಟ್-ಅವರ್ ದೊಡ್ಡ ಸಂಖ್ಯೆ ಏನಲ್ಲ. ತೊಂದರೆ ಇರೋದು ಅದು ಬರುವ ಅವಸರದಲ್ಲಿ. ಐದು ಸೆಕೆಂಡಿನಲ್ಲಿ ಅಷ್ಟು ಬಂದರೆ ಅದು ಸುಮಾರು 42 ಕಿಲೋವಾಟ್ ಹರಿವು. ಸಾಮಾನ್ಯ ಮನೆಯೊಂದಕ್ಕೆ ಮಂಜೂರಾಗುವ ಲೋಡ್ ಮೂರರಿಂದ ಐದು ಕಿಲೋವಾಟ್. ಅಂದ್ರೆ ಹತ್ತು ಮನೆಗಳ ಕರೆಂಟು ಒಟ್ಟಿಗೆ ಬಂದು ಬಾಗಿಲು ಬಡಿದು, ಐದು ಸೆಕೆಂಡ್ ನಿಂತು, ಹೊರಟುಹೋಗುತ್ತೆ. ಅಷ್ಟರಲ್ಲಿ ಅದನ್ನು ಒಳಗೆ ಕರೆದು ಕೂರಿಸಬೇಕು. ಸ್ವಲ್ಪವೇ ಶಕ್ತಿ, ಆದರೆ ಭಯಂಕರ ಅವಸರ. ಬ್ರೇಕಿನ ಶಕ್ತಿಯನ್ನು ವಾಪಸ್ ಪಡೆಯುವ ನೂರಿಪ್ಪತ್ತು ವರ್ಷಗಳ ಇತಿಹಾಸವೆಲ್ಲ ಈ ಒಂದು ವಾಕ್ಯದ ಸುತ್ತ ಸುತ್ತಿದೆ.

ಈ ಕೆಲಸಕ್ಕಾಗಿಯೇ ಹುಟ್ಟಿದ ಹಾಗಿರುವ ಒಂದು ವಸ್ತು ಇದೆ. ಹೆಸರು ಸೂಪರ್‌ಕೆಪಾಸಿಟರ್. ಕೆಲವೇ ಸೆಕೆಂಡಿನಲ್ಲಿ ತುಂಬುತ್ತೆ, ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತೆ, ಹೀಗೆ ಹತ್ತು ಲಕ್ಷ ಸಲ ಮಾಡಿದರೂ ಬೇಸರ ಮಾಡಿಕೊಳ್ಳಲ್ಲ. ಆದರೆ ಇವತ್ತು ಶೋರೂಮಿಗೆ ಹೋಗಿ ಎಲೆಕ್ಟ್ರಿಕ್ ಕಾರು ಕೊಂಡರೆ ಅದರ ಬ್ರೇಕಿನ ಶಕ್ತಿ ಸೇರೋದು ಸೂಪರ್‌ಕೆಪಾಸಿಟರಿಗಲ್ಲ, ಬ್ಯಾಟರಿಗೆ. ಕೆಲಸಕ್ಕೆ ಅತ್ಯಂತ ಯೋಗ್ಯ ಅಭ್ಯರ್ಥಿಗೆ ಕೆಲಸ ಸಿಗದೇ ಹೋದದ್ದು ಹೇಗೆ ಅನ್ನೋದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಬ್ರೇಕಿನಿಂದ ಕರೆಂಟು ತೆಗೆಯೋದು ಹೊಸ ಐಡಿಯಾ ಅಂತ ಕಾರಿನ ಜಾಹೀರಾತು ಬರೆಯೋರು ಮಾತ್ರ ನಂಬಿಸಬಲ್ಲರು. 1890ರ ದಶಕದಲ್ಲೇ ಪ್ಯಾರಿಸ್ಸಿನಲ್ಲಿ ಲೂಯಿ ಆಂಟ್ವಾನ್ ಕ್ರೀಗರ್ ಎಂಬಾತ ಕುದುರೆ ಗಾಡಿಗಳ ಮುಂದಿನ ಚಕ್ರಕ್ಕೆ ಮೋಟಾರು ಕೂರಿಸಿ, ಆ ಮೋಟಾರಿಗೆ ಎರಡನೇ ಸುತ್ತು ತಂತಿ ಹಾಕಿ, ಬ್ರೇಕ್ ಹಾಕುವಾಗ ಅದೇ ಮೋಟಾರು ಜನರೇಟರ್ ಆಗುವ ಹಾಗೆ ಮಾಡಿದ್ದ. ತತ್ವ ಇವತ್ತಿಗೂ ಅದೇ: ಮೋಟಾರಿಗೆ ಕರೆಂಟು ಕೊಟ್ಟರೆ ತಿರುಗುತ್ತೆ, ತಿರುಗಿಸಿದರೆ ಕರೆಂಟು ಕೊಡುತ್ತೆ. ಕರೆಂಟು ಕೊಡುವಾಗ ಅದು ತಿರುಗಲು ಹಟ ಮಾಡುತ್ತಲ್ಲ, ಆ ಹಟವೇ ಬ್ರೇಕು.

ಅದಾದ ಮೇಲೆ ಇಂಗ್ಲೆಂಡಿನ ಟ್ರಾಮುಗಳ ಸರದಿ. ಜಾನ್ ರಾವರ್ತ್ ಎಂಬ ಎಂಜಿನಿಯರ್ 1903ರ ಹೊತ್ತಿಗೆ ಟ್ರಾಮು ಇಳಿಜಾರಿನಲ್ಲಿ ಇಳಿಯುವಾಗ ಮೇಲಿನ ತಂತಿಗೇ ಕರೆಂಟು ವಾಪಸ್ ತಳ್ಳುವ ವ್ಯವಸ್ಥೆ ಮಾಡಿದ. ಡೆವನ್‌ಪೋರ್ಟ್, ಬರ್ಮಿಂಗ್‌ಹ್ಯಾಂ, ರಾಟನ್‌ಸ್ಟಾಲ್ ಮುಂತಾದ ಊರುಗಳಲ್ಲಿ ಅದು ಓಡಿತು. 1911ರಲ್ಲಿ ರಾಟನ್‌ಸ್ಟಾಲ್‌ನಲ್ಲಿ ದೊಡ್ಡ ಅಪಘಾತವಾಯ್ತು, ಸರ್ಕಾರ ಆ ಪದ್ಧತಿಯನ್ನೇ ತಡೆಹಿಡಿಯಿತು. ಮತ್ತೆ ಅದು ಬ್ರಿಟನ್ನಿನ ಟ್ರಾಮುಗಳಿಗೆ ಬಂದದ್ದು ಇಪ್ಪತ್ತು ವರ್ಷದ ನಂತರ. ಬ್ರೇಕ್ ವಿಷಯದಲ್ಲಿ ಜನ ರಿಸ್ಕ್ ತಗೊಳ್ಳಲ್ಲ, ತಗೊಳ್ಳಬಾರದು ಕೂಡ. ಇವತ್ತಿನ ಎಲೆಕ್ಟ್ರಿಕ್ ಕಾರಿನಲ್ಲೂ ಮೋಟಾರ್ ಬ್ರೇಕಿನ ಜೊತೆಗೆ ಹಳೇ ಕಾಲದ ಡಿಸ್ಕ್ ಬ್ರೇಕು ಹಾಗೇ ಕೂತಿದೆ.

ತಂತಿ ಇದ್ದ ಟ್ರಾಮಿಗೆ ಶಕ್ತಿಯನ್ನು ತಳ್ಳಲು ಒಂದು ಜಾಗ ಇತ್ತು. ತಂತಿ ಇಲ್ಲದ ಬಸ್ಸು ಏನು ಮಾಡಬೇಕು? ಸ್ವಿಟ್ಜರ್ಲೆಂಡಿನ ಊರ್ಲಿಕಾನ್ ಕಂಪನಿಯ ಉತ್ತರ ನನಗೆ ಬಲು ಇಷ್ಟ, ಯಾಕಂದ್ರೆ ಅದರಲ್ಲಿ ಒಂದು ಥರದ ಮೊಂಡು ಧೈರ್ಯ ಇದೆ. ಬಸ್ಸಿನ ಹೊಟ್ಟೆಯೊಳಗೆ ಒಂದೂವರೆ ಟನ್ ತೂಕದ ಉಕ್ಕಿನ ಚಕ್ರ. ನಿಮಿಷಕ್ಕೆ 3000 ಸುತ್ತು. ನಿಲ್ದಾಣದಲ್ಲಿ ಬಸ್ಸು ತಲೆಯ ಮೇಲಿನ ಕೊಂಬುಗಳನ್ನು ಎತ್ತಿ ಕಂಬಕ್ಕೆ ತಾಗಿಸಿ, ಕೆಲವು ನಿಮಿಷ ಆ ಚಕ್ರವನ್ನು ತಿರುಗಿಸಿಕೊಂಡು, ಆಮೇಲೆ ಆ ತಿರುಗುವಿಕೆಯನ್ನೇ ತಿಂದುಕೊಂಡು ಸುಮಾರು 6 ಕಿ.ಮೀ. ಓಡೋದು. ಬ್ರೇಕ್ ಹಾಕಿದರೆ ಶಕ್ತಿ ಮತ್ತೆ ಚಕ್ರಕ್ಕೆ. ಹೆಸರು ಜೈರೋಬಸ್. 1953ರಿಂದ 1960ರವರೆಗೆ ಸ್ವಿಸ್ ಊರು ಇವರ್ದೋನ್‌ನಲ್ಲಿ, ನಡುವೆ ಕೆಲವು ವರ್ಷ ಬೆಲ್ಜಿಯಂನ ಗೆಂಟ್‌ನಲ್ಲಿ, ಹಾಗೇ ಆಗಿನ ಲಿಯೋಪೋಲ್ಡ್‌ವಿಲ್, ಅಂದ್ರೆ ಈಗಿನ ಕಿನ್ಶಾಸಾದಲ್ಲಿ ಇವು ಓಡಿದವು. ಒಂದೂವರೆ ಟನ್ ಚಕ್ರ ಹೊತ್ತುಕೊಂಡು ತಿರುಗೋದರಲ್ಲೇ ಮಾಮೂಲಿ ಟ್ರಾಮಿಗಿಂತ ಹೆಚ್ಚು ಕರೆಂಟು ಖರ್ಚಾಗುತ್ತಿತ್ತು. ಅಲ್ಲಿಗೆ ಕಥೆ ಮುಗಿಯಿತು. ಆದರೆ ನಿಲ್ದಾಣದಲ್ಲಿ ಚಾರ್ಜ್ ಮಾಡಿಕೊಂಡು ಮುಂದಿನ ನಿಲ್ದಾಣದವರೆಗೆ ಹೋಗುವ ಬಸ್ಸು ಅನ್ನೋ ಕಲ್ಪನೆ ನೆನಪಿರಲಿ, ಐವತ್ತು ವರ್ಷದ ನಂತರ ಶಾಂಘೈನಲ್ಲಿ ಮತ್ತೆ ಸಿಗುತ್ತೆ.

ಈಗ ಕೆಪಾಸಿಟರ್ ಕಡೆಗೆ. ಬ್ಯಾಟರಿಗೂ ಕೆಪಾಸಿಟರಿಗೂ ಇರೋ ವ್ಯತ್ಯಾಸವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಬ್ಯಾಟರಿ ಅಂದ್ರೆ ಅಡುಗೆ: ಒಳಗೆ ರಾಸಾಯನಿಕ ಕ್ರಿಯೆ ನಡೆಯಬೇಕು, ಬೇಯಲು ಸಮಯ ಬೇಕು, ಪ್ರತಿ ಸಲ ಪಾತ್ರೆ ಸ್ವಲ್ಪ ಸವೆಯುತ್ತೆ. ಕೆಪಾಸಿಟರ್ ಅಂದ್ರೆ ಛತ್ರದ ಪಂಕ್ತಿ: ಚಾರ್ಜ್ ಬಂತು, ಎಲೆ ಮುಂದೆ ಕೂತಿತು, ಎದ್ದು ಹೋಯಿತು. ಕ್ರಿಯೆ ಏನೂ ಇಲ್ಲ, ಬರೀ ಕೂರೋದು ಏಳೋದು. ಅದಕ್ಕೇ ಅಷ್ಟು ವೇಗ. ಎಷ್ಟು ಜನ ಕೂರಬಹುದು ಅನ್ನೋದು ಮಾತ್ರ ಜಾಗದ ಮೇಲೆ ನಿಂತಿದೆ: ತಟ್ಟೆಗಳ ವಿಸ್ತಾರ ಹೆಚ್ಚಿದ್ದಷ್ಟೂ, ಅವುಗಳ ನಡುವಿನ ಅಂತರ ಕಡಿಮೆಯಾದಷ್ಟೂ ಹೆಚ್ಚು.

1745-46ರಲ್ಲಿ ಫಾನ್ ಕ್ಲೈಸ್ಟ್ ಮತ್ತು ಲೈಡನ್ ಊರಿನ ಮುಸ್ಶೆನ್‌ಬ್ರೂಕ್ ಬೇರೆಬೇರೆಯಾಗಿ ಕಂಡುಕೊಂಡ ಗಾಜಿನ ಜಾಡಿಯೇ ಮೊದಲ ಕೆಪಾಸಿಟರ್. ಮುಸ್ಶೆನ್‌ಬ್ರೂಕ್‌ಗೆ ಅದರಿಂದ ಎಂಥ ಶಾಕ್ ಹೊಡೆಯಿತು ಅಂದ್ರೆ, ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಂದು ಸಲ ಮುಟ್ಟಲ್ಲ ಅಂತ ಪತ್ರ ಬರೆದ. ಅಲ್ಲಿಂದ ಇನ್ನೂರು ವರ್ಷ ಕೆಪಾಸಿಟರಿನ ಕೆಲಸ ಚಿಕ್ಕಪುಟ್ಟದ್ದೇ. ಈ ನಡುವೆ 1853ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಒಂದು ವಿಷಯ ಗಮನಿಸಿದ. ಲೋಹವನ್ನು ಉಪ್ಪು ನೀರಿನಂಥ ದ್ರಾವಣದಲ್ಲಿ ಮುಳುಗಿಸಿದರೆ, ಲೋಹದ ಮೈಯಲ್ಲಿ ಒಂದು ಬಗೆಯ ಚಾರ್ಜು, ಅದಕ್ಕೆ ಅಂಟಿದ ಹಾಗೆ ದ್ರಾವಣದಲ್ಲಿ ಎದುರು ಬಗೆಯ ಚಾರ್ಜು, ಹೀಗೆ ಎರಡು ಪದರ ತಾನೇ ಏರ್ಪಡುತ್ತೆ. ಎರಡರ ನಡುವಿನ ಅಂತರ ಒಂದು ಅಣುವಿನಷ್ಟು. ಅಂತರ ಕಡಿಮೆಯಾದಷ್ಟೂ ಹೆಚ್ಚು ಅಂದೆನಲ್ಲ, ಇದಕ್ಕಿಂತ ಕಡಿಮೆ ಅಂತರ ಯಾರೂ ಮಾಡಲು ಸಾಧ್ಯವಿಲ್ಲ. ಆದರೆ ಇದನ್ನು ಯಾರೂ ವಸ್ತುವಾಗಿ ಮಾಡಲಿಲ್ಲ, ನೂರು ವರ್ಷ.

1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೆಕರ್ ಎಂಬಾತನಿಗೆ ಒಂದು ಪೇಟೆಂಟ್ ಸಿಕ್ಕಿತು. ರಂಧ್ರ ರಂಧ್ರವಾದ ಇದ್ದಿಲಿನ ಎರಡು ತುಂಡನ್ನು ದ್ರಾವಣದಲ್ಲಿಟ್ಟರೆ ನಂಬಲಾಗದಷ್ಟು ಚಾರ್ಜು ಹಿಡಿಯುತ್ತೆ ಅಂತ. ತಮಾಷೆ ಅಂದ್ರೆ ಒಳಗೆ ನಿಖರವಾಗಿ ಏನು ನಡೀತಿದೆ ಅಂತ ಗೊತ್ತಿಲ್ಲ ಅಂತ ಪೇಟೆಂಟಿನಲ್ಲೇ ಒಪ್ಪಿಕೊಂಡಿದ್ದಾನೆ. ಹೆಲ್ಮ್‌ಹೋಲ್ಟ್ಸನ ಎರಡು ಪದರವೂ ಇದೂ ಒಂದೇ ಅಂತ ಆತನಿಗೆ ಹೊಳೆದಿರಲಿಲ್ಲ. ಅದನ್ನು ಹೊಳೆಸಿಕೊಂಡದ್ದು ಒಂದು ಪೆಟ್ರೋಲಿಯಂ ಕಂಪನಿ! ಸ್ಟ್ಯಾಂಡರ್ಡ್ ಆಯಿಲ್ ಆಫ್ ಒಹಾಯೋ. ಅಲ್ಲಿ ಫ್ಯೂಯಲ್ ಸೆಲ್ ಮೇಲೆ ಕೆಲಸ ಮಾಡುತ್ತಿದ್ದವರಲ್ಲಿ ರಾಬರ್ಟ್ ರೈಟ್‌ಮೈರ್ 1962ರಲ್ಲಿ ಅರ್ಜಿ ಹಾಕಿ 1966ರಲ್ಲಿ ಪೇಟೆಂಟ್ ಪಡೆದ. ಇವತ್ತಿನ ಸೂಪರ್‌ಕೆಪಾಸಿಟರುಗಳ ವಂಶ ಅಲ್ಲಿಂದ ಶುರು. ತೈಲ ಕಂಪನಿಗೆ ಇದನ್ನು ಇಟ್ಟುಕೊಂಡು ಏನು ಮಾಡೋದು ಅಂತ ತಿಳಿಯಲಿಲ್ಲ, ಜಪಾನಿನ ಎನ್‌ಇಸಿ ಕಂಪನಿಗೆ ಲೈಸೆನ್ಸ್ ಕೊಟ್ಟಿತು. ಎನ್‌ಇಸಿ 1978ರಲ್ಲಿ ಮಾರಾಟಕ್ಕೆ ತಂದಾಗ ಇಟ್ಟ ಹೆಸರೇ ಸೂಪರ್‌ಕೆಪಾಸಿಟರ್. ಕೆಲಸ? ಕರೆಂಟು ಹೋದಾಗ ಕಂಪ್ಯೂಟರಿನ ಮೆಮೊರಿ ಅಳಿಸಿಹೋಗದಂತೆ ನೋಡಿಕೊಳ್ಳೋದು. ಕಾರು, ಬ್ರೇಕು ಇವೆಲ್ಲ ಯಾರ ತಲೆಯಲ್ಲೂ ಇರಲಿಲ್ಲ.

ಇದ್ದಿಲಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಚಿಕ್ಕ ಡಬ್ಬಿಯಲ್ಲಿ ದೊಡ್ಡ ವಿಸ್ತಾರ ಹಿಡಿಸಬೇಕಾದರೆ ಮೈತುಂಬ ಸೂಕ್ಷ್ಮ ರಂಧ್ರ ಇರುವ ವಸ್ತು ಬೇಕು. ಆಕ್ಟಿವೇಟೆಡ್ ಕಾರ್ಬನ್, ಅಂದ್ರೆ ವಿಶೇಷವಾಗಿ ಸುಟ್ಟು ರಂಧ್ರ ಬರಿಸಿದ ಇದ್ದಿಲು, ಒಂದು ಗ್ರಾಮಿಗೆ ಸಾವಿರ ಚದರ ಮೀಟರಿಗೂ ಹೆಚ್ಚು ಮೇಲ್ಮೈ ಕೊಡುತ್ತೆ. ಒಂದು ಚಿಟಿಕೆ ಇದ್ದಿಲಿನಲ್ಲಿ 30-40 ಸೈಟಿನ ಎಂಟು ಹತ್ತು ನಿವೇಶನ. ಈ ಉದ್ಯಮದಲ್ಲಿ ಬಹಳ ಬಳಕೆಯಲ್ಲಿರುವ ಇದ್ದಿಲು ಬರೋದು ಯಾವುದರಿಂದ ಅಂತೀರಿ? ತೆಂಗಿನ ಕರಟದಿಂದ. ಜಪಾನಿನ ಕುರಾರೆ ಕಂಪನಿಯ ಹೆಸರುವಾಸಿ ಪುಡಿ ಕರಟದ್ದೇ. ನಮ್ಮ ತಿಪಟೂರು, ಅರಸೀಕೆರೆ ಕಡೆಯವರು ಹಿತ್ತಲಲ್ಲಿ ಬಚ್ಚಲ ಒಲೆಗೆ ಹಾಕುವ ಅದೇ ಕರಟ.

ಸರಿ, ಈ ಕರಟದ ಡಬ್ಬಿ ಎಷ್ಟು ಹಿಡಿಯುತ್ತೆ? ಮ್ಯಾಕ್ಸ್‌ವೆಲ್ ಎಂಬ ಅಮೆರಿಕನ್ ಕಂಪನಿಯ ಪ್ರಸಿದ್ಧ ಸೆಲ್ ಒಂದನ್ನು ತಗೊಳ್ಳಿ. 3000 ಫ್ಯಾರಡ್, 2.7 ವೋಲ್ಟ್, ತೂಕ ಸುಮಾರು ಅರ್ಧ ಕೆಜಿ. ಕಾಲೇಜಿನಲ್ಲಿ ಒಂದು ಫ್ಯಾರಡ್ ಅಂದ್ರೇನೇ ಅಸಾಧ್ಯ ದೊಡ್ಡದು ಅಂತ ಹೇಳಿಕೊಟ್ಟಿದ್ದರು, ಇಲ್ಲಿ ಮೂರು ಸಾವಿರ! ಆದರೆ ಸೂತ್ರ ಹಾಕಿದರೆ ಅದರಲ್ಲಿ ಕೂರೋ ಶಕ್ತಿ ಬರೀ 3 ವಾಟ್-ಅವರ್. ನಿಮ್ಮ ಫೋನಿನ ಒಂದು ಚಾರ್ಜಿಗೆ ಇಂಥ ಐದು ಡಬ್ಬಿ, ಎರಡೂವರೆ ಕೆಜಿ ಬೇಕು. ಮತ್ತೆ ನಮ್ಮ ಸಿಗ್ನಲ್ಲಿನ 58 ವಾಟ್-ಅವರಿಗೆ? ಇಪ್ಪತ್ತು ಡಬ್ಬಿ, ಹತ್ತು ಕೆಜಿ. ಡ್ರೈವರ್ ಸೀಟಿನ ಕೆಳಗೆ ಹಿಡಿಸಬಹುದು. ಅಂದ್ರೆ ಕಾರನ್ನು ನೂರಾರು ಕಿ.ಮೀ. ಓಡಿಸಲು ಇದು ಸುತರಾಂ ಆಗದು, ಆದರೆ ಒಂದು ಸಿಗ್ನಲ್ಲಿನ ಶಕ್ತಿಯನ್ನು ಹಿಡಿದು ಹಸಿರು ದೀಪ ಬಂದಾಗ ವಾಪಸ್ ಕೊಡೋಕೆ ಹೇಳಿ ಮಾಡಿಸಿದ್ದು.

ಒಂದು ತಕರಾರು ಇದೆ. ಬ್ಯಾಟರಿಯ ವೋಲ್ಟೇಜು ಖಾಲಿಯಾಗುವವರೆಗೂ ಹೆಚ್ಚುಕಡಿಮೆ ಒಂದೇ ಇರುತ್ತೆ. ಕೆಪಾಸಿಟರಿನದು ತೊಟ್ಟಿಯ ನೀರಿನ ಮಟ್ಟದ ಹಾಗೆ, ಬಳಸಿದಂತೆ ಇಳಿಯುತ್ತಲೇ ಹೋಗುತ್ತೆ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಮುಕ್ಕಾಲು ಶಕ್ತಿ ಹೋಗಿರುತ್ತೆ. ಹಾಗಾಗಿ ನಡುವೆ ಒಂದು ಕನ್ವರ್ಟರ್ ಬೇಕು, ಅದಕ್ಕೆ ದುಡ್ಡು, ತೂಕ, ನಷ್ಟ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಸೂಪರ್‌ಕೆಪಾಸಿಟರಿನ ಎಷ್ಟೋ ಪ್ರಾಜೆಕ್ಟುಗಳು ಸೋತದ್ದು ಸೆಲ್ಲಿನಿಂದ ಅಲ್ಲ, ಈ ಕನ್ವರ್ಟರಿನ ಬಿಲ್ಲಿನಿಂದ ಅಂತ ನನ್ನ ಗುಮಾನಿ.

1992ರಲ್ಲಿ ಅಮೆರಿಕದ ಇಂಧನ ಇಲಾಖೆ ಮ್ಯಾಕ್ಸ್‌ವೆಲ್‌ಗೆ ಸೂಪರ್‌ಕೆಪಾಸಿಟರ್ ಅಭಿವೃದ್ಧಿಯ ಕೆಲಸ ಕೊಟ್ಟಿತು. ಈ ಸಲ ಮನಸ್ಸಿನಲ್ಲಿ ವಾಹನಗಳೇ ಇದ್ದವು. ಆಗಿನ ಪರಿಸ್ಥಿತಿ ನೋಡಿದರೆ ಇದು ಜಾಣ ನಿರ್ಧಾರ. ಆಗ ಎಲೆಕ್ಟ್ರಿಕ್ ವಾಹನದ ಬ್ಯಾಟರಿ ಅಂದ್ರೆ ಲೆಡ್-ಆಸಿಡ್. ಅದಕ್ಕೆ ಅವಸರ ಅಂದ್ರೆ ಆಗದು. ಜೋರಾಗಿ ಚಾರ್ಜ್ ತುರುಕಿದರೆ ಬಿಸಿಯಾಗಿ, ಗ್ಯಾಸ್ ಬಿಟ್ಟು, ಬೇಗ ಸಾಯುತ್ತೆ.

ಇದರ ನಮ್ಮದೇ ಉದಾಹರಣೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾಗುತ್ತಿದ್ದ ರೇವಾ. ಚೇತನ್ ಮೈನಿ ಅವರ ತಂಡ 2001ರಲ್ಲಿ ಮಾರುಕಟ್ಟೆಗೆ ತಂದ ಆ ಪುಟ್ಟ ಕಾರು ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಹೋಗುತ್ತಿತ್ತು. ಈಗ ಎಲ್ಲರ ಬಾಯಲ್ಲಿರುವ 'ರಿಜೆನ್' ಅದರಲ್ಲಿ ಆಗಲೇ ಇತ್ತು. ಆದರೆ ಹಿಂದೆ ಕೂತಿದ್ದು ಲೆಡ್-ಆಸಿಡ್ ಬ್ಯಾಟರಿ. ಮೋಟಾರು ಕೊಡಲು ಸಿದ್ಧ, ತಗೊಳ್ಳುವವರಿಗೆ ಶಕ್ತಿಯಿಲ್ಲ. ಇದೇ ಸಮಸ್ಯೆಯ ಇನ್ನೊಂದು ತುದಿಯನ್ನು ಹಿಡಿದು ಇದೇ ಊರಿನ ಐಐಎಸ್‌ಸಿಯಲ್ಲಿ ಪ್ರೊ. ಎ.ಕೆ. ಶುಕ್ಲಾ ಅವರ ತಂಡ ಒಂದು ಕಡೆ ಸೀಸ, ಇನ್ನೊಂದು ಕಡೆ ಇದ್ದಿಲು ಇರುವ ಹೈಬ್ರಿಡ್ ಅಲ್ಟ್ರಾಕೆಪಾಸಿಟರುಗಳ ಮೇಲೆ ಕೆಲಸ ಮಾಡಿತು. ಅರ್ಧ ಬ್ಯಾಟರಿ, ಅರ್ಧ ಕೆಪಾಸಿಟರ್.

ಹೊರಗೆ, ಹೊಸ ಶತಮಾನದ ಮೊದಲ ಹತ್ತು ವರ್ಷ ಸೂಪರ್‌ಕೆಪಾಸಿಟರಿನ ಸುಗ್ಗಿ. ಹೋಂಡಾ ತನ್ನ ಹೈಡ್ರೋಜನ್ ಕಾರು ಎಫ್‌ಸಿಎಕ್ಸ್‌ನಲ್ಲಿ ಬ್ಯಾಟರಿಯ ಬದಲು ತಾನೇ ಮಾಡಿದ ಅಲ್ಟ್ರಾಕೆಪಾಸಿಟರ್ ಇಟ್ಟಿತು. 2002ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ನಗರಾಡಳಿತಕ್ಕೆ ಮೊದಲ ಕಾರು ಹೋಯಿತು. ಜರ್ಮನಿಯ ಮಾನ್‌ಹೈಮ್‌ನಲ್ಲಿ 2003ರಿಂದ ಬೊಂಬಾರ್ಡಿಯರ್ ಒಂದು ಟ್ರಾಮಿನ ಮೇಲೆ ಸೂಪರ್‌ಕೆಪಾಸಿಟರ್ ಪೆಟ್ಟಿಗೆ ಕೂರಿಸಿ ವರ್ಷಗಟ್ಟಲೆ ಓಡಿಸಿ, ಓಡಾಟದ ಕರೆಂಟಿನಲ್ಲಿ ಶೇಕಡಾ 30ರವರೆಗೆ ಉಳಿಯಿತು ಅಂತ ಹೇಳಿತು. 2006ರಲ್ಲಿ ಶಾಂಘೈನ 11ನೇ ನಂಬರ್ ರೂಟಿನಲ್ಲಿ ಬ್ಯಾಟರಿಯೇ ಇಲ್ಲದ, ಬರೀ ಸೂಪರ್‌ಕೆಪಾಸಿಟರಿನ ಬಸ್ಸು ಬಂತು. ನಿಲ್ದಾಣದಲ್ಲಿ ತಲೆ ಎತ್ತಿ ಕಂಬಕ್ಕೆ ತಾಗಿಸೋದು, ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜ್, ಆಮೇಲೆ ಕೆಲವು ನಿಲ್ದಾಣ ಓಡೋದು. ಜೈರೋಬಸ್ಸೇ, ಉಕ್ಕಿನ ಚಕ್ರದ ಜಾಗದಲ್ಲಿ ಇದ್ದಿಲು. ಬಸ್ಸಿಗೆ ಇದು ಒಪ್ಪುತ್ತೆ, ಯಾಕಂದ್ರೆ ಮುಂದಿನ ನಿಲ್ದಾಣ ಎಲ್ಲಿದೆ ಅಂತ ಬಸ್ಸಿಗೆ ಗೊತ್ತು. ಕಾರಿಗೆ ಗೊತ್ತಿಲ್ಲ. ವೀಕೆಂಡ್ ಬಂದರೆ ಅದು ಸಕಲೇಶಪುರಕ್ಕೂ ಹೊರಡಬಹುದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತೋರಿಸಿಕೊಟ್ಟದ್ದು ಒಂದು ರೇಸು. ವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಸಿಗೋದು ಕಷ್ಟ.

ಫ್ರಾನ್ಸಿನ ಲೆ ಮಾನ್ಸ್. 24 ಗಂಟೆಯ ರೇಸು, ಒಂದು ಸುತ್ತು 13 ಕಿ.ಮೀ.ಗೂ ಹೆಚ್ಚು. ಗಂಟೆಗೆ 300 ಕಿ.ಮೀ. ದಾಟಿ ಓಡುವ ಕಾರುಗಳು ತಿರುವಿನ ಮುಂಚೆ ಕೆಲವೇ ಸೆಕೆಂಡಿನಲ್ಲಿ 100ರ ಆಸುಪಾಸಿಗೆ ಇಳಿಯಬೇಕು. ಸಿಗ್ನಲ್ಲಿನ 58 ವಾಟ್-ಅವರ್ ಇದರ ಮುಂದೆ ಆಟಿಕೆ. 2014ರ ಹೊತ್ತಿಗೆ ನಿಯಮ ಹೇಗಿತ್ತು ಅಂದ್ರೆ, ಬ್ರೇಕು ಮುಂತಾದ ಕಡೆಯಿಂದ ಹಿಡಿದ ಶಕ್ತಿಯನ್ನು ಒಂದು ಸುತ್ತಿಗೆ 2, 4, 6 ಅಥವಾ 8 ಮೆಗಾಜೂಲ್ ಮರುಬಳಸಬಹುದು, ಯಾವ ವರ್ಗ ಬೇಕೋ ಆರಿಸಿಕೊಳ್ಳಿ. ಹೇಗೆ ಕೂಡಿಡ್ತೀರಿ ಅನ್ನೋದು ನಿಮ್ಮಿಷ್ಟ. ಮೂರು ದೊಡ್ಡ ಕಂಪನಿಗಳು ಮೂರು ದಾರಿ ಹಿಡಿದವು. ಔಡಿ ತಿರುಗುವ ಚಕ್ರ ಇಟ್ಟಿತು, ಅಂದ್ರೆ ಜೈರೋಬಸ್ಸಿನ ಮೊಮ್ಮಗ. ಟೊಯೊಟಾ 2012ರಿಂದಲೂ ಸೂಪರ್‌ಕೆಪಾಸಿಟರಿನ ಪಕ್ಷ. ಹೊಸದಾಗಿ ವಾಪಸ್ ಬಂದ ಪೋರ್ಷೆ ಲಿಥಿಯಂ ಬ್ಯಾಟರಿ ಇಟ್ಟಿತು. ಒಂದೇ ರಸ್ತೆ, ಒಂದೇ ದಿನ, ಮೂರು ಸಿದ್ಧಾಂತ.

2014ರಲ್ಲಿ ಲೆ ಮಾನ್ಸ್ ಗೆದ್ದದ್ದು ಔಡಿಯ ಚಕ್ರ. ಇಡೀ ವರ್ಷದ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದು ಟೊಯೊಟಾದ ಸೂಪರ್‌ಕೆಪಾಸಿಟರ್. 2015ರಲ್ಲಿ ಪೋರ್ಷೆ 8 ಮೆಗಾಜೂಲ್ ವರ್ಗಕ್ಕೆ ಹತ್ತಿ ಎರಡನ್ನೂ ಬಾಚಿಕೊಂಡಿತು. 2016ರ ಕಾರುಗಳು ಬಂದಾಗ ನೋಡಿದರೆ ಔಡಿಯೂ ಚಕ್ರ ಬಿಟ್ಟು ಬ್ಯಾಟರಿ, ಟೊಯೊಟಾವೂ ಕೆಪಾಸಿಟರ್ ಬಿಟ್ಟು ಬ್ಯಾಟರಿ. ಎರಡು ವರ್ಷದಲ್ಲಿ ವಾದ ಮುಗಿಯಿತು.

ಇದನ್ನು ಬ್ಯಾಟರಿ ಕೆಪಾಸಿಟರಿಗಿಂತ ವೇಗವಾಯಿತು ಅಂತ ಓದುವವರಿದ್ದಾರೆ. ನಾನು ಹಾಗೆ ಓದಲ್ಲ. ವೇಗದಲ್ಲಿ ಇವತ್ತಿಗೂ ಕೆಪಾಸಿಟರೇ ಮುಂದೆ. ಆದದ್ದು ಬೇರೆ. ಹಿಡಿಯಬೇಕಾದ ಶಕ್ತಿ ಹೆಚ್ಚುತ್ತಾ ಹೋದ ಹಾಗೆ, ಇದ್ದಿಲಿನ ಡಬ್ಬಿಯ ತೂಕ ಅದೇ ಪ್ರಮಾಣದಲ್ಲಿ ಏರಬೇಕು, ಬೇರೆ ದಾರಿಯಿಲ್ಲ. ಬ್ಯಾಟರಿಗೋ, ಶಕ್ತಿ ಹಿಡಿಯುವ ಜಾಗ ಬೇಕಾದಷ್ಟಿದೆ, ಅವಸರ ಮಾತ್ರ ಕಷ್ಟ. ಮತ್ತೆ ಅವಸರದ ಕಷ್ಟಕ್ಕೆ ಒಂದು ಸುಲಭ ಮದ್ದಿದೆ: ಬ್ಯಾಟರಿಯನ್ನೇ ದೊಡ್ಡದು ಮಾಡೋದು.

ಇದೇ ಇಡೀ ಕಥೆಯ ಕೀಲಿ, ಸ್ವಲ್ಪ ನಿಧಾನವಾಗಿ ಬಿಡಿಸ್ತೀನಿ. ಒಬ್ಬ ಮಾಣಿಗೆ ಒಂದು ಸಲಕ್ಕೆ ಎರಡೇ ತಟ್ಟೆ ಹೊರಲು ಸಾಧ್ಯ ಅಂದುಕೊಳ್ಳಿ. ನಾಲ್ಕು ಮಾಣಿ ಇರುವ ಹೋಟೆಲಿಗೆ ನಲವತ್ತು ಜನ ಒಟ್ಟಿಗೆ ನುಗ್ಗಿದರೆ ಗಲಾಟೆ. ಇನ್ನೂರು ಮಾಣಿ ಇದ್ದರೆ? ಯಾರೂ ಓಡಬೇಕಾಗಿಲ್ಲ. ಬ್ಯಾಟರಿಯ ಸೆಲ್ಲುಗಳೂ ಹಾಗೇ. 1997ರ ಟೊಯೊಟಾ ಪ್ರಿಯಸ್‌ನಂಥ ಹೈಬ್ರಿಡ್ ಕಾರಿನ ಬ್ಯಾಟರಿ ಎರಡು ಕಿಲೋವಾಟ್-ಅವರಿಗಿಂತ ಚಿಕ್ಕದು. ಅದಕ್ಕೆ 42 ಕಿಲೋವಾಟ್ ತುರುಕೋದು ಅಂದ್ರೆ ಪೂರ್ತಿ ಬ್ಯಾಟರಿಯನ್ನು ಮೂರು ನಿಮಿಷದಲ್ಲಿ ತುಂಬುವ ವೇಗ. ಕೊಲೆ. ಆದರೆ ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿರುವ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 40, 50, 60 ಕಿಲೋವಾಟ್-ಅವರ್. ಅದೇ 42 ಕಿಲೋವಾಟ್ ಅದಕ್ಕೆ ಒಂದು ಗಂಟೆಯಲ್ಲಿ ತುಂಬುವ ಆರಾಮಿನ ವೇಗ. ಹೈವೇ ಚಾರ್ಜರಿನಲ್ಲಿ ನೀವು ಕಾಫಿ ಕುಡಿಯುವಾಗ ಅದಕ್ಕಿಂತ ಜೋರಾಗಿಯೇ ತುಂಬ್ತೀರಿ.

ಆ ಬ್ಯಾಟರಿಯನ್ನು ಅಷ್ಟು ದೊಡ್ಡದು ಮಾಡಿದ್ದು ಬ್ರೇಕಿಗೋಸ್ಕರ ಅಲ್ಲ. ದಾರಿಯಲ್ಲಿ ಚಾರ್ಜ್ ಮುಗಿದು ನಿಂತುಹೋದರೆ ಅನ್ನೋ ಭಯಕ್ಕೆ. ವಾರಕ್ಕೊಮ್ಮೆಯೂ ಬಳಸದ 300 ಕಿ.ಮೀ. ರೇಂಜಿಗೆ ನಾವು ದುಡ್ಡು ಕೊಟ್ಟೆವು. ಆ ಭಯ ಕಟ್ಟಿಸಿದ ದೊಡ್ಡ ಮನೆಯ ಜಗುಲಿಯಲ್ಲಿ ಬ್ರೇಕಿನ ಶಕ್ತಿಗೆ ಪುಕ್ಕಟೆ ಜಾಗ ಸಿಕ್ಕಿತು. ಸೂಪರ್‌ಕೆಪಾಸಿಟರನ್ನು ಅದರ ಆಟದಲ್ಲಿ ಯಾರೂ ಸೋಲಿಸಲಿಲ್ಲ. ಪಕ್ಕದ ಮೈದಾನದಲ್ಲಿ ಬೇರೇನೋ ಆಟ ಆಡುತ್ತಿದ್ದವರು ಬೆಳೆದು ಬೆಳೆದು ಈ ಮೈದಾನವನ್ನೂ ಆವರಿಸಿಕೊಂಡರು. ಹೋಂಡಾ ಕೂಡ 2008ರ ಎಫ್‌ಸಿಎಕ್ಸ್ ಕ್ಲಾರಿಟಿಗೆ ಬರುವಷ್ಟರಲ್ಲಿ ಅಲ್ಟ್ರಾಕೆಪಾಸಿಟರ್ ತೆಗೆದು ಲಿಥಿಯಂ ಇಟ್ಟಾಗಿತ್ತು.

ಹಾಗಾದರೆ ದೊಡ್ಡ ಬ್ಯಾಟರಿ ಇಲ್ಲದ ಕಡೆ? ಅಲ್ಲಿ ಕೆಪಾಸಿಟರ್ ಇನ್ನೂ ಗಟ್ಟಿ. 2012ರಲ್ಲಿ ಮಾಜ್ಡಾ ತನ್ನ ಮಾಮೂಲಿ ಪೆಟ್ರೋಲ್-ಡೀಸೆಲ್ ಕಾರಿನಲ್ಲಿ ಐ-ಈಲೂಪ್ ಅಂತ ಒಂದು ವ್ಯವಸ್ಥೆ ತಂದಿತು. ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿದಾಗ ಆಲ್ಟರ್ನೇಟರ್ 25 ವೋಲ್ಟಿನವರೆಗೆ ಏರಿ ಕೆಪಾಸಿಟರನ್ನು ಕೆಲವು ಸೆಕೆಂಡಿನಲ್ಲಿ ತುಂಬುತ್ತೆ. ಆಮೇಲೆ ಎಸಿ, ದೀಪ, ಹಾಡು ಎಲ್ಲ ಸ್ವಲ್ಪ ಹೊತ್ತು ಅದರಲ್ಲೇ. ಚಕ್ರಕ್ಕೆ ಒಂದು ಚೂರೂ ಹೋಗಲ್ಲ, ಆದರೆ ಆಲ್ಟರ್ನೇಟರ್ ತಿರುಗಿಸಲು ಸುಡುತ್ತಿದ್ದ ಪೆಟ್ರೋಲ್ ಉಳಿಯುತ್ತೆ. ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ ಶೇಕಡಾ 10ರಷ್ಟು ಅಂತ ಕಂಪನಿಯ ಮಾತು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಜಾಣ ಎಂಜಿನಿಯರಿಂಗ್ ಇದೇ. ಲ್ಯಾಂಬೋರ್ಗಿನಿ 2019ರಲ್ಲಿ ಸಿಯಾನ್ ಎಂಬ 63 ಕಾರುಗಳ ಮಾಡೆಲ್ಲಿಗೆ ಸೂಪರ್‌ಕೆಪಾಸಿಟರ್ ಹಾಕಿದ್ದಕ್ಕೆ ಸಿಕ್ಕ ಪ್ರಚಾರದ ಹತ್ತರಲ್ಲೊಂದು ಭಾಗವೂ ಇದಕ್ಕೆ ಸಿಗಲಿಲ್ಲ. ಇನ್ನು ಏರ್‌ಬಸ್ ಎ380 ವಿಮಾನದ ತುರ್ತು ಬಾಗಿಲು, ಗಾಳಿಯಂತ್ರದ ರೆಕ್ಕೆ ತಿರುಗಿಸುವ ಮೋಟಾರು, ಚಳಿದೇಶದ ಲಾರಿಗಳ ಸ್ಟಾರ್ಟರ್: ವರ್ಷಗಟ್ಟಲೆ ಸುಮ್ಮನಿದ್ದು ಒಂದು ಕ್ಷಣ ಭಾರಿ ಶಕ್ತಿ ಕೊಡಬೇಕಾದ ಕಡೆಯೆಲ್ಲ ಈ ಡಬ್ಬಿ ಇದೆ. ಮೈನಸ್ 40 ಡಿಗ್ರಿಯಲ್ಲೂ ಕೆಲಸ ಮಾಡುತ್ತೆ. ಅಂಥ ಚಳಿಯಲ್ಲಿ ಲಿಥಿಯಂ ಬ್ಯಾಟರಿಗೆ ಜೋರಾಗಿ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಗಟ್ಟಿಕಟ್ಟಿ ಕೆಡುತ್ತೆ.

ಈಗ ಒಬ್ಬ ಪರಿಚಿತ ವ್ಯಕ್ತಿಯ ಪ್ರವೇಶ. 1994ರಲ್ಲಿ ಸಿಲಿಕಾನ್ ವ್ಯಾಲಿಯ ಪಿನಾಕಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸೂಪರ್‌ಕೆಪಾಸಿಟರ್ ಕಂಪನಿಯಲ್ಲಿ ಒಬ್ಬ ಹುಡುಗ ಇಂಟರ್ನ್ ಆಗಿದ್ದ. ಮರುವರ್ಷ ಇದೇ ವಿಷಯದ ಆಸೆಯಿಂದ ಸ್ಟ್ಯಾನ್‌ಫರ್ಡಿನ ಪಿಎಚ್‌ಡಿಗೆ ಹೋಗಿ ಎರಡೇ ದಿನಕ್ಕೆ ಬಿಟ್ಟುಬಂದ. ಇಲಾನ್ ಮಸ್ಕ್. ಬ್ಯಾಟರಿ ಕಾರಿನಿಂದಲೇ ಹೆಸರಾದ ಮೇಲೆ, 2011ರಲ್ಲಿ ಕೂಡ, ಮುಂದಿನ ದೊಡ್ಡ ಜಿಗಿತ ಬ್ಯಾಟರಿಗಿಂತ ಕೆಪಾಸಿಟರಿನಿಂದ ಬರಬಹುದು ಅಂತ ಆತ ಹೇಳಿದ್ದುಂಟು. ಹಾಗಾಗಿ 2019ರಲ್ಲಿ ಟೆಸ್ಲಾ ಕಂಪನಿ ಮ್ಯಾಕ್ಸ್‌ವೆಲ್ ಅನ್ನು ಸುಮಾರು 20 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಾಗ ಸೂಪರ್‌ಕೆಪಾಸಿಟರ್ ಅಭಿಮಾನಿಗಳು ಕುಣಿದಾಡಿದರು. ಕೊನೆಗೂ ನಮ್ಮ ದಿನ ಬಂತು!

ಬಂದದ್ದು ಬೇರೆ ಏನೋ. ಮ್ಯಾಕ್ಸ್‌ವೆಲ್ ತನ್ನ ಕೆಪಾಸಿಟರುಗಳಿಗಾಗಿ ಇದ್ದಿಲಿನ ಪುಡಿಯನ್ನು ದ್ರಾವಕದಲ್ಲಿ ಕಲಸದೆ, ಒಣದಾಗಿಯೇ ಒತ್ತಿ ಹಾಳೆ ಮಾಡುವ ವಿಧಾನ ಕಲಿತಿತ್ತು. ಬ್ಯಾಟರಿ ಕಾರ್ಖಾನೆಗಳಲ್ಲಿ ಒದ್ದೆ ಹಾಳೆಯನ್ನು ಉದ್ದುದ್ದ ಒಲೆಗಳಲ್ಲಿ ಒಣಗಿಸೋದಕ್ಕೇ ಬೇಕಾದಷ್ಟು ಜಾಗ, ಶಕ್ತಿ ಹೋಗುತ್ತೆ. ಟೆಸ್ಲಾಗೆ ಬೇಕಿದ್ದದ್ದು ಆ ಒಣ ವಿಧಾನ, ತನ್ನ ಹೊಸ ಬ್ಯಾಟರಿ ಸೆಲ್ಲಿಗೆ. 2021ರಲ್ಲಿ ಸೂಪರ್‌ಕೆಪಾಸಿಟರ್ ವ್ಯಾಪಾರವನ್ನು ಯುಕ್ಯಾಪ್ ಪವರ್ ಎಂಬ ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ಹಣ್ಣು ತಿಂದು ಸಿಪ್ಪೆ ಎಸೆದರು ಅಂತ ಕೋಪ ಮಾಡಿಕೊಂಡವರಿದ್ದಾರೆ. ನನಗೆ ಕೋಪ ಬರಲಿಲ್ಲ. ಸೋತ ತಂತ್ರಜ್ಞಾನದ ಕೈಕುಶಲ ಗೆದ್ದ ತಂತ್ರಜ್ಞಾನದ ಒಳಗೆ ಹೋಗಿ ಸೇರೋದು ಎಂಜಿನಿಯರಿಂಗ್ ಇತಿಹಾಸದಲ್ಲಿ ಮಾಮೂಲು.

ಆದರೂ ನಮ್ಮೂರಿನ ಮಟ್ಟಿಗೆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅಂತ ನನಗನ್ನಿಸೋಕೆ ಎರಡು ಕಾರಣ.

ಒಂದು, ನಮ್ಮ ರಸ್ತೆಯಲ್ಲಿರೋ ಎಲೆಕ್ಟ್ರಿಕ್ ವಾಹನಗಳಲ್ಲಿ ಬಹುಪಾಲು ಕಾರಲ್ಲ, ಸ್ಕೂಟರು ಮತ್ತು ಆಟೋ. ಅವುಗಳ ಬ್ಯಾಟರಿ ಚಿಕ್ಕದು, ಅಂದ್ರೆ ಮಾಣಿಗಳು ಕಡಿಮೆ. ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ನನ್ನ ಸ್ಕೂಟರಿನಲ್ಲಿ ಮೊದಲ ಕೆಲವು ಕಿ.ಮೀ. ರಿಜೆನ್ ಹೆಸರಿಗೂ ಇರಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೇಗೆ ಹುಯ್ಯೋದು? ಇಬ್ಬರು ಕೂತ ಸ್ಕೂಟರು 40ರ ವೇಗದಿಂದ ನಿಂತರೆ ಸಿಗೋದು ಸುಮಾರು 4 ವಾಟ್-ಅವರ್. ಮ್ಯಾಕ್ಸ್‌ವೆಲ್ಲಿನ ಡಬ್ಬಿ ಎರಡು ಸಾಕು. ಆದರೆ ಆ ಎರಡು ಡಬ್ಬಿ, ಜೊತೆಗೆ ಕನ್ವರ್ಟರು, ಇಷ್ಟರ ದುಡ್ಡಿನಲ್ಲಿ ಬ್ಯಾಟರಿಗೇ ನಾಲ್ಕು ಸೆಲ್ ಹೆಚ್ಚು ಹಾಕಿ ರೇಂಜ್ ಜಾಸ್ತಿ ಅಂತ ಜಾಹೀರಾತು ಕೊಡೋದು ಯಾವ ಕಂಪನಿಗೂ ಸುಲಭ. ಗಿರಾಕಿ ಕೇಳೋದೂ ಅದನ್ನೇ.

ಎರಡನೇದು ಮೆಟ್ರೋ. ಅಲ್ಲಿ ರೇಂಜಿನ ಭಯವೇ ಇಲ್ಲ, ಹಾಗಾಗಿ ದೊಡ್ಡ ಬ್ಯಾಟರಿಯೂ ಇಲ್ಲ. ದೆಹಲಿ ಮೆಟ್ರೋ ಓಡೋದು 25,000 ವೋಲ್ಟಿನ ಎಸಿ ತಂತಿಯಲ್ಲಿ. ಬ್ರೇಕಿನ ಕರೆಂಟನ್ನು ಆ ಜಾಲಕ್ಕೆ ತಳ್ಳೋದು ಸಲೀಸು. ಅದನ್ನೇ ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿ ಕಾರ್ಬನ್ ಕ್ರೆಡಿಟ್ ಗಳಿಸಿದ ಜಗತ್ತಿನ ಮೊದಲ ರೈಲು ಯೋಜನೆ ಅದು. ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟಾಗಿನಿಂದ ಓಡುತ್ತಿರೋದು ಹಳಿ ಪಕ್ಕದ ಮೂರನೇ ಹಳಿಯ 750 ವೋಲ್ಟ್ ಡಿಸಿಯಲ್ಲಿ. ಇಂಥ ಡಿಸಿ ಮಾರ್ಗಗಳಲ್ಲಿ ಒಂದು ರೈಲು ಬ್ರೇಕ್ ಹಾಕಿದಾಗ ಹುಟ್ಟಿದ ಕರೆಂಟನ್ನು ಹತ್ತಿರದಲ್ಲೇ ಅದೇ ಕ್ಷಣ ಹೊರಡುತ್ತಿರುವ ಇನ್ನೊಂದು ರೈಲು ಎಳೆದುಕೊಳ್ಳಬೇಕು. ಎಳೆದುಕೊಳ್ಳುವವರು ಇಲ್ಲದಿದ್ದರೆ ಮಾಮೂಲಿ ಸಬ್‌ಸ್ಟೇಷನ್ನಿನ ರೆಕ್ಟಿಫೈಯರ್ ಅದನ್ನು ವಾಪಸ್ ಬಿಡಲ್ಲ, ಅದು ಒಮ್ಮುಖ ರಸ್ತೆ. ಜರ್ಮನಿಯ ಕಲೋನ್, ಸ್ಪೇನಿನ ಮ್ಯಾಡ್ರಿಡ್ ಊರುಗಳಲ್ಲಿ ಸೀಮೆನ್ಸ್ ಈ ಕಾರಣಕ್ಕೇ ಹಳಿ ಪಕ್ಕದಲ್ಲಿ ಸೂಪರ್‌ಕೆಪಾಸಿಟರಿನ ಬೀರುಗಳನ್ನು ಇಟ್ಟು ನೋಡಿತು. ಹಳಿ ಪಕ್ಕ ಅಂದ್ರೆ ತೂಕದ ಚಿಂತೆಯೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕೈದು ನಿಮಿಷಕ್ಕೊಂದು ರೈಲು ಇರುವಾಗ ಒಬ್ಬರ ಬ್ರೇಕು ಇನ್ನೊಬ್ಬರ ಓಟಕ್ಕೆ ಆಗುತ್ತೆ. ರಾತ್ರಿ ಹನ್ನೊಂದರ ಹೊತ್ತಿಗೆ ರೈಲುಗಳ ನಡುವಿನ ಅಂತರ ಹೆಚ್ಚುತ್ತೆ, ಆಚೆ ಈಚೆ ಯಾರೂ ಇರಲ್ಲ. ಆಗ ಆ ಶಕ್ತಿ ರೆಸಿಸ್ಟರಿನಲ್ಲೋ ಬ್ರೇಕ್ ಪ್ಯಾಡಿನಲ್ಲೋ ಬಿಸಿಯಾಗಿ ಹೋಗುತ್ತೆ, ಪೆಟ್ರೋಲ್ ಕಾರಿನ ಥರಾನೇ.